ನಾಲ್ಕು ತಾಸು ನಿಂತ ಚುಕ್ಕೆ

ನರೋಣಾದ ನಜಮುನ್ನಿಸಾ ಸೊಸೆಯ ಜೊತೆ ಮಾತು ಬಿಟ್ಟು ಆರು ತಿಂಗಳಾಗಿತ್ತು. ಒಂದೇ ಸೂರಿನ ಕೆಳಗೆ ಇದ್ದು, ಒಂದೇ ಬುಟ್ಟಿಯ ರೊಟ್ಟಿ ತಿನ್ನುವ ಇಬ್ಬರು ಹೆಂಗಸರು ಆರು ತಿಂಗಳು ಮಾತಿಲ್ಲದೆ ಹೇಗೆ ಬದುಕುತ್ತಾರೆ ಎಂದು ನೀವು ಕೇಳಬಹುದು. ಅದಕ್ಕೆಂದೇ ಅಂಗಳದಲ್ಲಿ ಒಂದು ಆಡು ಇತ್ತು. ಅತ್ತೆ ತಾನು ಹೇಳಬೇಕಾದ್ದನ್ನು ಆಡಿಗೆ ಹೇಳುತ್ತಿದ್ದಳು. ಸೊಸೆ ಫರಹೀನ ಉತ್ತರವನ್ನೂ ಆಡಿಗೇ ಕೊಡುತ್ತಿದ್ದಳು.

“ಸಾರಿಗಿ ಉಪ್ಪು ಹಾಕೂದು ಯಡ್ರಾಮ್ಯಾಗ ಯಾರೂ ಕಲಸೂದಿಲ್ಲ ಕಾಣ್ತದ,” ಎಂದು ನಜಮುನ್ನಿಸಾ ಆಡಿನ ಕೊರಳು ತುರಿಸುತ್ತ ಅನ್ನುವಳು. ಯಡ್ರಾಮಿ ಫರಹೀನಳ ತವರು.

“ಬಿ.ಪಿ. ಏರ್ಯಾದ, ಉಪ್ಪು ಕಡಿಮಿ ಮಾಡ್ರಿ ಅಂತ ಡಾಕ್ಟರ್ ಹೇಳಿದ್ದು ಕೆಲವರು ಮರತಾರ,” ಎಂದು ಫರಹೀನ ಅದೇ ಆಡಿನ ಮುಂದೆ ಸೊಪ್ಪು ಚೆಲ್ಲುವಳು. ಆಡು ಇಬ್ಬರ ಮಾತನ್ನೂ ಕೇಳಿ, ಇಬ್ಬರ ಸೊಪ್ಪನ್ನೂ ತಿಂದು ದುಂಡಗಾಗಿತ್ತು. ಮೊಮ್ಮಗಳು ಜಸ್ಮೀನ ಕಲಬುರಗಿಯ ಹಾಸ್ಟೆಲಿನಲ್ಲಿದ್ದಳು. ಮನೆಯಲ್ಲಿದ್ದಿದ್ದರೆ ಆಡಿನ ಪಾಡು ಅವಳಿಗೆ ಬರುತ್ತಿತ್ತು.

ಈ ಜಗಳದ ಬೇರು ಲಡಾಖಿನ ಹಿಮದಲ್ಲಿತ್ತು. ನಜಮುನ್ನಿಸಾಳ ಒಬ್ಬನೇ ಮಗ ಅರ್ಫಾತ ಹದಿನೇಳು ವರ್ಷ ಫೌಜಿನಲ್ಲಿದ್ದವನು. ಅದರಲ್ಲಿ ಎಂಟು ಚಳಿಗಾಲ ಆ ಹಿಮದಲ್ಲೇ ಕಳೆದವನು. ಆ ಹದಿನೇಳು ವರ್ಷವೂ ಅವಳು ಐದು ಹೊತ್ತಿನ ನಮಾಜಿನಲ್ಲಿ ಬೇರೇನನ್ನೂ ಬೇಡಲಿಲ್ಲ. ‘ಯಾ ಅಲ್ಲಾ, ಕೊಟ್ಟಂಗ ವಾಪಸ್ ಕೊಡು’ ಎಂದಷ್ಟೇ ಬೇಡಿದಳು. ಅವನು ನಿವೃತ್ತನಾಗಿ ಬಂದ ದಿನ ಹೊಸ್ತಿಲ ಮುಂದೆ ಕೂರಿಸಿ ಅವನ ಬೂಟು ಬಿಚ್ಚಿಸಿದಳು, ಬೆರಳು ಎಣಿಸಿದಳು. ಹತ್ತರಲ್ಲಿ ಎಂಟೇ ಇದ್ದವು. ಎರಡನ್ನು ಹಿಮ ಇಟ್ಟುಕೊಂಡಿತ್ತು. ಆಯಿತು, ಎರಡು ಹೋದರೆ ಹೋಗಲಿ, ಉಳಿದ ಮಗ ಬಂದನಲ್ಲ ಎಂದು ಓಣಿಗೆಲ್ಲ ಬೆಲ್ಲ ಕಲಸಿದ ಮಾಲ್ದಿ ಹಂಚಿದಳು.

ಬಂದವನು ಅಫಜಲಪುರದ ಕಡೆ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಾವಲಿನ ಕೆಲಸ ಹಿಡಿದ. ರಜೆಗೆ ಮನೆಗೆ ಬಂದರೆ ಮಾಳಿಗೆ ಹತ್ತಿ ಕೂರುತ್ತಿದ್ದ. ಉಂಡೆಯಾ ಎಂದರೆ ಹೂಂ, ಮಲಗುತ್ತೀಯಾ ಎಂದರೆ ಹೂಂ. ಎರಡು ವರ್ಷ ಹೀಗೇ ಕಳೆದ ಮೇಲೆ ಅವನ ಹಳೆಯ ಕ್ಯಾಪ್ಟನ್ ಸಾಹೇಬರು ಫೋನು ಮಾಡಿ ಒಂದು ಓಟದ ವಿಷಯ ಹೇಳಿದರು. ಲಡಾಖಿನ ಹೆಪ್ಪುಗಟ್ಟಿದ ಕಣಿವೆಯಲ್ಲಿ, ನಡುಚಳಿಗಾಲದಲ್ಲಿ, ತನ್ನ ಅನ್ನ ತನ್ನ ಡೇರೆ ಜಾರುಬಂಡಿಯ ಮೇಲೆ ತಾನೇ ಎಳೆದುಕೊಂಡು, ಮೂರು ಹಗಲು ಮೂರು ರಾತ್ರಿಯಲ್ಲಿ ನೂರಾ ಅರವತ್ತು ಕಿಲೋಮೀಟರ್ ಮುಟ್ಟಬೇಕು. ಕೇಳಿದವರೆಲ್ಲ, ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು ಎಂದು ನಕ್ಕರು. ಅರ್ಫಾತ ನಗಲಿಲ್ಲ. ಮರುದಿನವೇ ಟ್ರ್ಯಾಕ್ಟರಿನ ಹಳೆಯ ಟೈರೊಂದನ್ನು ಹಗ್ಗದಿಂದ ಸೊಂಟಕ್ಕೆ ಕಟ್ಟಿಕೊಂಡು ಆಳಂದದ ರಸ್ತೆಯಲ್ಲಿ ಎಳೆದುಕೊಂಡು ಹೊರಟ. ಬಸ್ಸಿನಲ್ಲಿದ್ದವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದರು.

ಅವನನ್ನು ಬೈದು ಕೂರಿಸಬೇಕಾದ ಹೆಂಡತಿ ಏನು ಮಾಡಿದಳು? ಅರ್ಜಿ ತುಂಬಿದಳು! ಸಲಾವುದ್ದೀನನ ಝೆರಾಕ್ಸ್ ಅಂಗಡಿಯಲ್ಲಿ ಕೂತು, ಗಂಡನ ಫೋಟೋ ಏರಿಸಿ, ತುರ್ತಿನಲ್ಲಿ ಯಾರಿಗೆ ಫೋನು ಮಾಡಬೇಕು ಎಂಬ ಜಾಗದಲ್ಲಿ ತನ್ನದೇ ಹೆಸರು ಬರೆದು ಬಂದಳು. ಅಂದು ನಜಮುನ್ನಿಸಾ ಸೊಸೆಗೆ ಹೇಳಿದ ಕೊನೆಯ ಮಾತು ಇಷ್ಟು.

“ನಾ ಹದಿನೇಳ್ ವರ್ಷ ಅತ್ತ ಕರಸ್ಕೊಂಡ ಮಗನ್ನ ನೀ ಅರ್ಜಿ ಬರದ ಹಿಮಕ್ಕ ಕಳಸ್ತಿ ಏನ್ ಬೇ? ನಿನಗ ವಿಧವಿ ಆಗೂ ಅವಸರ ಅದ?”

“ಅವ್ರು ಮನಿಗಿ ಬಂದು ಎರಡ್ ವರ್ಷ ಆತ್ರಿ. ಒಂದ್ ದಿನಾನೂ ನಕ್ಕಿಲ್ಲ. ಟೈರ್ ಎಳ್ಯಾಕ ಸುರು ಮಾಡಿದ ದಿನ ನಕ್ಕಾರ. ನಿಮಗ ಮಗ ಮನ್ಯಾಗ ಇದ್ರ ಸಾಕು. ನನಗ ಗಂಡ ಜೀವಂತ ಇರಬೇಕು,” ಎಂದಳು ಫರಹೀನ.

ಅದು ನಜಮುನ್ನಿಸಾಳ ಎದೆಗೆ ನಾಟಿತು. ನಾಟಿದ್ದಕ್ಕೇ ಅವಳು ಅದನ್ನು ಕ್ಷಮಿಸಲಿಲ್ಲ. ಅಂದಿನಿಂದ ಅವರಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ.

ಹೊರಡುವ ದಿನ ಅವಳು ಮಗನಿಗೆ ಇಮಾಮ್ ಜಾಮಿನ್ ಕಟ್ಟುವುದಿಲ್ಲ ಎಂದು ಹಟ ಹಿಡಿದು ಕೂತಳು. ದೂರದ ಪ್ರಯಾಣಕ್ಕೆ ಹೋಗುವವರ ಬಲತೋಳಿಗೆ, ಹಸಿರು ಬಟ್ಟೆಯಲ್ಲಿ ಒಂದು ನಾಣ್ಯ ಸುತ್ತಿ, ಇಮಾಮರ ಜಾಮೀನಿನ ಮೇಲೆ ಕಳಿಸುತ್ತಿದ್ದೇನೆ ಎಂದು ಕಟ್ಟುವುದು ಅವರ ಮನೆಯ ಪದ್ಧತಿ. ಹೋಗಿ ಮುಟ್ಟಿ ಕ್ಷೇಮವಾಗಿ ತಿರುಗಿ ಬಂದ ಮೇಲೆ ಕಟ್ಟಿದವರೇ ಬಿಚ್ಚಬೇಕು. ಒಳಗಿನ ನಾಣ್ಯ ಫಕೀರನಿಗೆ ಹೋಗಬೇಕು. ಕಟ್ಟುವುದೆಂದರೆ ಒಪ್ಪಿಗೆ ಕೊಟ್ಟ ಹಾಗೆ. ನಾನು ಒಪ್ಪಿದ್ದು ಯಾವಾಗ ಎಂದು ಅವಳು ಗೋಡೆಯ ಕಡೆ ಮುಖ ಮಾಡಿದಳು. ಅರ್ಫಾತ ಅವಳ ಪಾದ ಮುಟ್ಟಿ, ಚೀಲ ಹೆಗಲಿಗೇರಿಸಿ ಬಸ್ ನಿಲ್ದಾಣಕ್ಕೆ ನಡೆದ.

ಅವನು ಓಣಿ ದಾಟುತ್ತಿದ್ದಂತೆ ಅವಳಿಗೆ ತನ್ನ ಗಂಡ ಮಹಮ್ಮದನ ನೆನಪಾಯಿತು. ಲಾರಿ ಓಡಿಸುತ್ತಿದ್ದವನು. ಪ್ರತಿ ಸಲವೂ ಅವಳೇ ಕಟ್ಟಿ ಕಳಿಸುತ್ತಿದ್ದಳು. ಒಂದೇ ಒಂದು ಸಲ, ಜಗಳವಾಡಿದ ಸಿಟ್ಟಿನಲ್ಲಿ ಕಟ್ಟಿರಲಿಲ್ಲ. ಆ ಸಲ ಸೊಲ್ಲಾಪುರದ ಆಚೆ ಲಾರಿ ಉರುಳಿತು. ನಜಮುನ್ನಿಸಾ ತಲೆಯ ಮೇಲಿನ ಸೆರಗು ಹರಿದು, ಹಸಿರಾದರೆ ಹಸಿರು ಇಲ್ಲದಿದ್ದರೆ ಇಲ್ಲ, ಸಿಕ್ಕ ನಾಣ್ಯ ಸುತ್ತಿ, ಮೊಣಕಾಲಿನ ನೋವು ಮರೆತು ಓಡಿದಳು. ಕಂಡಕ್ಟರ್ ಸೀಟಿ ಊದಿಯಾಗಿತ್ತು. ಅವಳು ಬಸ್ಸಿನ ಕಿಟಕಿಯೊಳಗೆ ಕೈ ಹಾಕಿ ಮಗನ ತೋಳು ಹೊರಗೆಳೆದು ಕಟ್ಟಿದಳು. ಸಿಟ್ಟಿನಲ್ಲಿ ಎಷ್ಟು ಬಿಗಿಯಾಗಿ ಕಟ್ಟಿದಳೆಂದರೆ ಅರ್ಫಾತ “ಅಮ್ಮಾ, ಕೈ ಕತ್ತರಸ್ತೀ ಏನು?” ಎಂದ.

“ಕತ್ತರಿಸಿದ್ರ ಎಲ್ಲೂ ಹೋಗ್ತಿರ್ಲಿಲ್ಲ,” ಎಂದಳು.

*

ಗುರುವಾರ ಬೆಳಿಗ್ಗೆ ಏಳಕ್ಕೆ ಓಟ ಸುರುವಾಯಿತು. ಓಡುವ ಪ್ರತಿಯೊಬ್ಬರ ಹೆಗಲಿಗೂ ಒಂದು ಚಿಕ್ಕ ಡಬ್ಬಿ ಕಟ್ಟಿರುತ್ತಾರೆ, ಅದು ಉಪಗ್ರಹಕ್ಕೆ ಸುದ್ದಿ ಕಳಿಸುತ್ತದೆ, ಅವರು ಎಲ್ಲಿದ್ದಾರೆಂಬುದು ಫೋನಿನ ನಕ್ಷೆಯಲ್ಲಿ ಚುಕ್ಕೆಯಾಗಿ ಕಾಣುತ್ತದೆ. ಅಂಥ ಇಪ್ಪತ್ತೆರಡು ಚುಕ್ಕೆಗಳಲ್ಲಿ ಹದಿನಾಲ್ಕನೆಯ ನಂಬರು ಅರ್ಫಾತ. ಇದೆಲ್ಲ ಕಾಣುತ್ತಿದ್ದುದು ಫರಹೀನಳ ಫೋನಿನಲ್ಲಿ. ಮನೆಯಲ್ಲಿ ಇನ್ನೊಂದು ಫೋನಿರಲಿಲ್ಲ. ಸೊಸೆಯ ಮುಂದೆ ಹೋಗಿ, ನನ್ನ ಮಗ ಎಲ್ಲಿದ್ದಾನೆ ತೋರಿಸು ಎಂದು ಕೇಳುವುದಕ್ಕಿಂತ ನಾಲಿಗೆ ಕಡಿದುಕೊಳ್ಳುವುದು ನಜಮುನ್ನಿಸಾಳಿಗೆ ಮೇಲಾಗಿತ್ತು.

ಹೀಗಾಗಿ ಅವಳು ದಿನಕ್ಕೆ ಮೂರು ಸಲ ಸಲಾವುದ್ದೀನನ ಝೆರಾಕ್ಸ್ ಅಂಗಡಿಗೆ ಕುಂಟುತ್ತ ಹೋದಳು. ಪಹಣಿ ತೆಗೆಸಲು ಬಂದವರನ್ನು ಪಕ್ಕಕ್ಕೆ ಸರಿಸಿ ಕಂಪ್ಯೂಟರಿನ ಮುಂದೆ ನಿಲ್ಲುತ್ತಿದ್ದಳು.

“ಎಲ್ಲಿದ್ದಾನ ನೋಡು.”

“ನಡೀಲಾಕತ್ತಾನ್ರಿ ಖಾಲಾ. ಐದನೇದಾಂವ. ನಾವು ಇಲ್ಲಿ ಥಂಡಿ ಅಂತ ರಗ್ಗು ಹೊತ್ತೀವಿ, ಅಲ್ಲಿ ಮೈನಸ್ ಇಪ್ಪತ್ತಾರು ಅದ,” ಎಂದು ಸಲಾವುದ್ದೀನ ಗುರುವಾರ ಸಂಜೆ ಹೇಳಿದ. ಶುಕ್ರವಾರ ಅರ್ಫಾತ ನಾಲ್ಕನೆಯವನಾಗಿದ್ದ. ಅಂಗಡಿಯಲ್ಲಿದ್ದವರು, ನರೋಣಾದ ಹುಲಿ ನೋಡ್ರಿ ಎಂದರು. ಟೈರು ಎಳೆಯುವಾಗ ನಕ್ಕವರೂ ಅವರೇ. ನಜಮುನ್ನಿಸಾ ಅವರನ್ನು ದುರುಗುಟ್ಟಿ ನೋಡಿದಳು. ಆ ಚುಕ್ಕೆ ಎಷ್ಟನೆಯದು ಎಂಬುದು ಅವಳಿಗೆ ಬೇಕಿರಲಿಲ್ಲ. ಅದು ಮಿಸುಕುತ್ತಿದೆಯೇ ಎಂಬುದಷ್ಟೇ ಬೇಕಿತ್ತು.

ಶನಿವಾರ ಬೆಳಿಗ್ಗೆ ಹನ್ನೊಂದೂ ಕಾಲಿಗೆ ಹೋದಾಗ ಚುಕ್ಕೆ ಮಿಸುಕುತ್ತಿರಲಿಲ್ಲ.

“ನಿಂತಾನ್ರಿ,” ಎಂದ ಸಲಾವುದ್ದೀನ. “ನೂರಾ ಹದಿನೆಂಟನೇ ಕಿಲೋಮೀಟರಿಗಿ. ಎಂಟ ಗಂಟೆದಿಂದ ಅಲ್ಲೇ ಇದ್ದಾನ.”

“ಯಾಕ ನಿಂತಾನ?”

“ಅದು ನನಗ ಹ್ಯಾಂಗ ಗೊತ್ತಾಗ್ತದ್ರಿ? ನಾಲ್ಕ ತಾಸು ನಿಂತ್ರ ಚುಕ್ಕಿ ಕೆಂಪಾಗ್ತದಂತ ಇಲ್ಲಿ ಬರದಾರ. ಆವಾಗ ಮನಿಗಿ ಫೋನ್ ಮಾಡ್ತಾರಂತ.”

ಎಂಟಕ್ಕೆ ನಾಲ್ಕು ಸೇರಿದರೆ ಹನ್ನೆರಡು. ಅವಳಿಗೆ ಅಷ್ಟು ಲೆಕ್ಕ ಬರುತ್ತಿತ್ತು. ಅಂಗಡಿಯಿಂದ ಮನೆಯ ತನಕ ಅವಳ ಕಣ್ಣಿಗೆ ರಸ್ತೆ ಕಾಣಲಿಲ್ಲ. ಬೂಟು ಬಿಚ್ಚಿದ ಪಾದ ಕಂಡಿತು, ಹಿಮ ಉಳಿದ ಎಂಟು ಬೆರಳನ್ನೂ ಒಂದೊಂದಾಗಿ ತೆಗೆದುಕೊಳ್ಳುತ್ತಿರುವುದು ಕಂಡಿತು.

ಮನೆಗೆ ಬಂದರೆ ಫರಹೀನ ಅಂಗಳದಲ್ಲಿ ಕೂತು ಸೀತನಿ ತಿನ್ನುತ್ತಿದ್ದಳು. ಪಕ್ಕದ ಮನೆಯ ಮಾಳಮ್ಮ ತಮ್ಮ ಹೊಲದ ಎಳೆಜೋಳದ ತೆನೆ ಸುಟ್ಟು, ತಿಕ್ಕಿ, ಬಿಸಿಬಿಸಿ ಕಾಳನ್ನು ಗೋಡೆಯ ಮೇಲಿಂದ ಕೊಟ್ಟಿದ್ದಳು. ಫರಹೀನ ಅದಕ್ಕೆ ಶೇಂಗಾದ ಹಿಂಡಿ ಹಚ್ಚಿಕೊಂಡು ಆರಾಮಾಗಿ ಬಾಯಾಡಿಸುತ್ತಿದ್ದಳು. ಗಂಡ ಹಿಮದಲ್ಲಿ ಬಿದ್ದಿದ್ದಾನೆ, ಇವಳಿಗೆ ಸೀತನಿ! ಇವಳ ಎದೆಯಲ್ಲಿರುವುದು ಕರುಳೋ ಕಲ್ಲೋ ಎಂದು ಕೇಳಬೇಕೆನ್ನಿಸಿತು. ಆರು ತಿಂಗಳ ಹಟ ಬಾಯಿ ಕಟ್ಟಿತು.

“ಕೆಲವರ ಗಂಡಂದ್ರು ಎಂಟ ಗಂಟೆದಿಂದ ನಿಂತಲ್ಲೇ ನಿಂತಾರ. ಅವ್ರಿಗಿ ಸೀತನಿ ಗಂಟಲಿನ್ಯಾಗ ಹ್ಯಾಂಗ ಇಳೀತದ?” ಎಂದು ಆಡಿಗೆ ಕೇಳಿದಳು.

ಫರಹೀನ ಅವಳ ಮುಖವನ್ನು ಒಂದು ಗಳಿಗೆ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಓಣಿಯಲ್ಲಿ ಕೊಡಗಳ ಸದ್ದು ಎದ್ದಿತು. ನಳ ಬಂದಿತ್ತು. ನಾಲ್ಕು ದಿನಕ್ಕೊಮ್ಮೆ, ಅದೂ ಅರ್ಧ ಗಂಟೆ ಬರುವ ನೀರು. ಬಿಟ್ಟರೆ ಬುಧವಾರದ ತನಕ ಬಾಯಿಗೂ ಇಲ್ಲ, ಕೈಗೂ ಇಲ್ಲ. ಬೆಳಿಗ್ಗೆಯಿಂದ ಹೋಗಿದ್ದ ಕರೆಂಟೂ ಆಗಲೇ ಬಂದಿತ್ತು. ಫರಹೀನ ಸತ್ತುಹೋಗುವಂತಿದ್ದ ಫೋನನ್ನು ಗೋಡೆಯ ಗೂಡಿನಲ್ಲಿ ಚಾರ್ಜಿಗೆ ಹಾಕಿ, ಗಡಿಯಾರ ನೋಡಿದಳು. ಹನ್ನೆರಡಕ್ಕೆ ಇನ್ನೂ ಕಾಲು ಗಂಟೆ ಇತ್ತು. ಕೊಡಗಳನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತು ಆಡಿನ ಕಡೆ ತಿರುಗಿದಳು.

“ಫೋನ್ ಬಂದ್ರ ಯಾರೂ ಮುಟ್ಟಬಾರ್ದು. ನಾ ಬಂದು ಮಾತಾಡ್ತೇನಿ.”

ಅವಳು ಹೇಳಬೇಕಿದ್ದುದು ಇನ್ನೂ ಇತ್ತು. ಆಡಿಗೆ ಅಷ್ಟುದ್ದ ಹೇಳುವುದು ಹೇಗೆ? ಓಡಿದಳು.

ಯಾರೂ ಮುಟ್ಟಬಾರದಂತೆ! ಯಾರೂ ಎಂದರೆ ಯಾರು? ಆಡೇ? ಹೆತ್ತವಳಿಗೆ ಮಗನ ಸುದ್ದಿ ಕೇಳುವ ಹಕ್ಕಿಲ್ಲ, ಯಡ್ರಾಮಿಯಿಂದ ನಿನ್ನೆ ಮೊನ್ನೆ ಬಂದವಳಿಗಿದೆ. ನಿನ್ನೆ ಮೊನ್ನೆ ಎಂದರೆ ಹದಿನೈದು ವರ್ಷ, ಆದರೆ ಸಿಟ್ಟಿಗೆ ಪಂಚಾಂಗ ಇರುವುದಿಲ್ಲ. ನಜಮುನ್ನಿಸಾ ಗೂಡಿನ ಮುಂದೆ ಕೂತಳು. ಹನ್ನೆರಡು ದಾಟಿ ಮೂರು ನಿಮಿಷಕ್ಕೆ ಫೋನು ಬಡಿದುಕೊಂಡಿತು. ನಳದ ಕಡೆ ಹೆಂಗಸರ ಜಗಳ ಕೇಳುತ್ತಿತ್ತು, ಫರಹೀನಳ ಪಾಳಿ ಇನ್ನೂ ಬಂದಿರಲಿಲ್ಲ. ನಜಮುನ್ನಿಸಾ ಫೋನು ಎತ್ತಿದಳು.

ಆ ಕಡೆ ಗಂಡಸಿನ ದನಿ. ಹಿಂದಿಯಲ್ಲಿ, ನೀವು ಅರ್ಫಾತ ಅವರ ಹೆಂಡತಿ ಫರಹೀನ ಅವರೇ ಎಂದು ಕೇಳಿತು.

“ಹೌ,” ಎಂದಳು ನಜಮುನ್ನಿಸಾ. “ಮೈಚ್.” ಹೌದು, ನಾನೇ.

ದನಿ ಬಿಡಿಸಿ ಹೇಳಿತು. ನಿಮ್ಮವರು ನಾಲ್ಕು ತಾಸಿನಿಂದ ಒಂದೇ ಕಡೆ ಇದ್ದಾರೆ. ಅಪಾಯದ ಗುಂಡಿ ಒತ್ತಿಲ್ಲ. ಮಲಗಿದ್ದರೂ ಮಲಗಿರಬಹುದು, ಅದಕ್ಕೆ ಅಡ್ಡಿಯಿಲ್ಲ. ನಮಗೆ ಇಲ್ಲಿಂದ ಕಾಣುವುದಿಲ್ಲ, ಅದಕ್ಕೇ ಮನೆಯವರನ್ನು ಕೇಳುವ ನಿಯಮ. ಇಂಥ ಹೊತ್ತಿಗೆ ಮಲಗುತ್ತೇನೆಂದು ಏನಾದರೂ ನಿಮಗೆ ಹೇಳಿದ್ದಾರೆಯೇ? ನೀವು ಬಿಡಿ ಎಂದರೆ ಬಿಡುತ್ತೇವೆ. ಕರೆತನ್ನಿ ಎಂದರೆ ಗಾಡಿ ಕಳಿಸುತ್ತೇವೆ. ಗಾಡಿ ಹೋದರೆ ಮಾತ್ರ ಅವರ ಓಟ ಅಲ್ಲಿಗೆ ಮುಗಿಯಿತು, ಎಬ್ಬಿಸಿದ ಮೇಲೆ ಮುಂದೆ ಹೋಗುವಂತಿಲ್ಲ.

ಅರ್ಫಾತ ಏನು ಹೇಳಿ ಹೋಗಿದ್ದನೋ ನಜಮುನ್ನಿಸಾಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ಐವತ್ತು ಹೆಜ್ಜೆ ದೂರದಲ್ಲಿ ಕೊಡ ಹಿಡಿದು ನಿಂತಿದ್ದಳು. ಬಾಗಿಲಿಗೆ ಹೋಗಿ ಒಂದು ಸಲ ‘ಫರಹೀನ’ ಎಂದು ಕೂಗಿದ್ದರೆ ಸಾಕಿತ್ತು. ಆರು ತಿಂಗಳಿಂದ ಆ ಹೆಸರು ಅವಳ ಬಾಯಿಂದ ಹೊರಟಿರಲಿಲ್ಲ. ಈಗಷ್ಟೇ ಆ ಹೆಸರು ತನ್ನದೆಂದು ಹೇಳಿಕೊಂಡಿದ್ದಳು. ಆದರೂ ಕೂಗಲು ಬರಲಿಲ್ಲ.

“ಉಠಾಕೆ ಲಾವ್,” ಎಂದಳು. ಎತ್ತಿಕೊಂಡು ಬನ್ನಿ.

“ಖಂಡಿತವೇ?” ಎಂದು ಆ ದನಿ ಕೇಳಿತು.

“ಉಠಾಕೆ ಲಾವ್, ಬಾಬಾ. ಮೇರೆ ಬಚ್ಚೇ ಕೋ ಉಠಾಕೆ ಲಾವ್.”

ಹೆಂಡತಿ ಎಂದವಳು ಬಚ್ಚಾ, ನನ್ನ ಮಗು, ಎಂದದ್ದನ್ನು ಆ ಮನುಷ್ಯ ಗಮನಿಸಿದನೋ ಇಲ್ಲವೋ, ಆಯಿತೆಂದು ಫೋನು ಇಟ್ಟ. ನಜಮುನ್ನಿಸಾ ಗೋಡೆಗೆ ಒರಗಿ ಕೂತಳು. ಮನಸ್ಸು ಹಗುರಾಗಿತ್ತು. ಹದಿನೇಳು ವರ್ಷ ಸರಕಾರಕ್ಕೆ ಹೇಳಲಾಗದೆ ನುಂಗಿಕೊಂಡ ಮಾತನ್ನು ಅವಳು ಕೊನೆಗೂ ಯಾರಿಗೋ ಹೇಳಿದ್ದಳು, ಅವರು ಕೇಳಿಯೂ ಇದ್ದರು.

*

ಫರಹೀನ ನೀರು ತುಂಬಿ ಬಂದವಳು ಸೀದಾ ಗೂಡಿಗೆ ಹೋದಳು. ಫೋನಿನ ಮೇಲೆ ಬೆರಳಾಡಿಸಿ ನೋಡಿದಳು. ಬಂದ ಕರೆ, ಎತ್ತಿದ ಕರೆ, ಎರಡು ನಿಮಿಷ. ಆರು ತಿಂಗಳಲ್ಲಿ ಮೊದಲ ಸಲ ಅವಳು ಆಡನ್ನು ಬಿಟ್ಟು ಅತ್ತೆಯ ಕಡೆ ತಿರುಗಿದಳು.

“ಏನಂದ್ರಿ ಅವ್ರಿಗಿ?”

“ಕರ್ಕೊಂಡ್ ಬರ್ರಿ ಅಂದೆ. ಹೆತ್ತಾಕಿ ಏನ್ ಅನಬೇಕೋ ಅದನ್ನೇ ಅಂದೆ.”

“ಮಲಗಿದ್ರು ಅವ್ರು!” ಫರಹೀನಳ ದನಿ ಗೋಡೆಯಾಚೆ ಮಾಳಮ್ಮನಿಗೂ ಕೇಳಿತು. “ರಾತ್ರೆಲ್ಲಾ ನಡದು ಹಗಲ್ ಬಿಸಲಾಗ ಮಲಗಿದ್ರ ಜೀವ ಉಳೀತದ ಅಂತ ಎಂಟ್ ವರ್ಷ ಅಲ್ಲಿದ್ದು ಕಲತಾರ. ಶನಿವಾರ ಎಂಟರಿಂದ ಒಂದರ ತನಕ ಮಲಗ್ತೇನಿ, ಹನ್ನೆರಡಕ್ಕ ಫೋನ್ ಬರ್ತದ, ಬಿಡ್ರಿ ಅಂತ ಹೇಳು ಅಂದು ನನ್ನಿಂದ ಆಣೆ ಮಾಡಿಸ್ಕೊಂಡ್ ಹೋಗ್ಯಾರ. ಅದಕ್ಕೇ ನನ್ ಹೆಸರು ಬರಿಸಿದ್ದು!”

ಅವಳು ತಿರುಗಿ ಫೋನು ಹಚ್ಚಿದಳು. ಗಾಡಿ ಹೊರಟುಹೋಗಿತ್ತು, ಕಣಿವೆಯೊಳಗೆ ಅದಕ್ಕೆ ಸುದ್ದಿ ಮುಟ್ಟಿಸುವ ದಾರಿ ಇರಲಿಲ್ಲ. ಇಬ್ಬರೂ ಒಂದೇ ಫೋನಿನ ಮೇಲೆ ಬಗ್ಗಿ ನೋಡುತ್ತ ಕೂತರು. ಒಂದಕ್ಕೆ ಐದು ನಿಮಿಷ ಇರುವಾಗ ಹದಿನಾಲ್ಕನೆಯ ಚುಕ್ಕೆ ಮಿಸುಕಿತು. ಎದ್ದಿದ್ದ. ಹೇಳಿದ್ದಕ್ಕಿಂತ ಐದು ನಿಮಿಷ ಮೊದಲೇ ಎದ್ದು ನಡೆಯತೊಡಗಿದ್ದ. ಒಂದು ಕಿಲೋಮೀಟರ್ ನಡೆದ, ಎರಡು ನಡೆದ. ಮತ್ತೆ ನಿಂತ. ಆಮೇಲೆ ಚುಕ್ಕೆ ಬೂದಿ ಬಣ್ಣಕ್ಕೆ ತಿರುಗಿ, ಹಿಂದಕ್ಕೆ, ಮನುಷ್ಯರ ಕಾಲಿಗೆ ಆಗದ ವೇಗದಲ್ಲಿ ಓಡಿತು.

ಫರಹೀನ ಅಳಲಿಲ್ಲ. ಒಳಗೆ ಹೋಗಿ ಕೊಡಗಳ ನೀರನ್ನು ಹಂಡೆಗೆ ಸುರಿದಳು.

ಸಂಜೆ ನಾಲ್ಕಕ್ಕೆ ಅರ್ಫಾತನ ಫೋನು ಬಂತು. ಶಿಬಿರದಿಂದ ಮಾತಾಡುತ್ತಿದ್ದ. ನಜಮುನ್ನಿಸಾ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು, ಅವನ ದನಿ ಅಲ್ಲಿಗೂ ಕೇಳುತ್ತಿತ್ತು.

“ನನಗೇನೂ ಆಗಿಲ್ಲ. ಮೂರನೇದಾಂವ ಆಗ್ತಿದ್ದೆ. ಹೆಂಡ್ತಿ ಕರ್ಕೊಂಡ್ ಬರ್ರಿ ಅಂದಾಳ ಅಂತ ಹೇಳ್ಯಾರ. ಯಾರ ಅಂದದ್ದು, ಫರಹೀನ?”

ಫರಹೀನ ಅತ್ತೆಯ ಕಡೆ ನೋಡಲೂ ಇಲ್ಲ.

“ನಾನೇ ಅಂದೀನಿ,” ಎಂದಳು. “ಅಂಜಿಕಿ ಆತು.”

“ಆಣೆ ಮಾಡಿದ್ದಿ,” ಎಂದಷ್ಟೇ ಹೇಳಿ ಅವನು ಫೋನು ಇಟ್ಟ.

ನಜಮುನ್ನಿಸಾ ಬಾಗಿಲು ಬಿಟ್ಟು ಬಂದಳು. “ನನ್ ಹೆಸರು ಯಾಕ ಹೇಳ್ಲಿಲ್ಲ? ನಿನ್ನ ಉಪಕಾರ ನನಗ ಬ್ಯಾಡ.”

“ನಿಮಗ ಉಪಕಾರ ಮಾಡಾಕ ನನಗೇನ್ ಹುಚ್ಚು ಹಿಡದಿಲ್ಲ,” ಎಂದಳು ಫರಹೀನ. “ತಾಯಿ ಮ್ಯಾಲ ಸಿಟ್ಟಾದ್ರ ಅವ್ರು ಈ ಮನಿಗಿ ಬರೂದೇ ಇಲ್ಲ, ಅಲ್ಲೇ ಎಲ್ಲಾದ್ರೂ ಇರ್ತಾರ. ನನ್ ಮ್ಯಾಲ ಸಿಟ್ಟಾದ್ರ ಬಯ್ಯಾಕರೆ ಬರ್ತಾರ.”

ನಜಮುನ್ನಿಸಾ ಆಡಿನ ಕಡೆ ತಿರುಗಿದಳು. ಆಡು ಸೊಪ್ಪು ಮೇಯುತ್ತಿತ್ತು.

*

ಅವನು ಬಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೊಸ್ತಿಲಲ್ಲೇ ನಜಮುನ್ನಿಸಾ ಅವನ ಬೂಟು ಬಿಚ್ಚಿಸಿದಳು. ಎಂಟೂ ಇದ್ದವು. ಇಮಾಮ್ ಜಾಮಿನ್ ಬಿಚ್ಚಲೆಂದು ತೋಳಿಗೆ ಕೈ ಹಾಕಿದಾಗ ಅರ್ಫಾತ ತೋಳನ್ನು ಹಿಂದಕ್ಕೆ ಎಳೆದುಕೊಂಡ.

“ಬಿಚ್ಚಬ್ಯಾಡಮ್ಮಾ. ಹೋಗಿ ಮುಟ್ಟಿದವರದು ಬಿಚ್ಚೂದು. ನಾ ಎಲ್ಲಿ ಮುಟ್ಟೀನಿ?”

ಬೆವರಿಗೂ ಹಿಮಕ್ಕೂ ಮಾಸಿದ ಆ ಸೆರಗಿನ ತುಂಡು ಅವನ ತೋಳಿನಲ್ಲೇ ಉಳಿಯಿತು. ಅವನು ಹೆಂಡತಿ ಬಡಿದ ರೊಟ್ಟಿ ಮುಟ್ಟಲಿಲ್ಲ, “ಅಮ್ಮಾ, ನೀ ಹಾಕು,” ಎಂದ. ಹೆಂಡತಿ ಎದುರು ಬಂದರೆ ಗೋಡೆ ನೋಡಿದ, ಏನಾದರೂ ಬೇಕಾದರೆ ತಾಯಿಯನ್ನೇ ಕೇಳಿದ. ನಜಮುನ್ನಿಸಾ ಹದಿನೈದು ವರ್ಷದಿಂದ ಬಯಸಿದ್ದು ಇದನ್ನೇ. ಮಗ ತನ್ನ ಕೈತುತ್ತಿಗೆ ಕಾಯಬೇಕು, ಯಡ್ರಾಮಿಯವಳು ಮೂಲೆಗೆ ಸರಿಯಬೇಕು. ಈಗ ಅದು ಕೇಳದೆ ಬಂದಿತ್ತು. ಬಡಿದ ರೊಟ್ಟಿಯನ್ನು ಮಗನ ತಾಟಿಗೆ ಹಾಕುವಾಗೆಲ್ಲ ಅವಳ ಕೈ ಭಾರವಾಗುತ್ತಿತ್ತು. ನಮಾಜಿಗೆ ಕೂತರೆ ದುವಾ ಬರುತ್ತಿರಲಿಲ್ಲ. ಸೊಸೆ ಯಾವಾಗ ಬಾಯಿ ಬಿಡುತ್ತಾಳೋ ಎಂದು ಮೊದಲೆರಡು ದಿನ ಅಂಜಿದಳು. ಅವಳು ಬಾಯಿ ಬಿಡುವುದಿಲ್ಲ ಎಂದು ಗೊತ್ತಾದ ಮೇಲೆ ಅಂಜಿಕೆ ಹೋಗಿ ನಾಚಿಕೆ ಬಂದು ಕೂತಿತು, ಮತ್ತು ನಾಚಿಕೆ ತಂದಿಟ್ಟವಳ ಮೇಲೆ ಸಿಟ್ಟು ಇನ್ನಷ್ಟು ಏರಿತು.

ಹನ್ನೊಂದನೆಯ ದಿನ ಬೆಳಿಗ್ಗೆ ಅರ್ಫಾತ ಚಹಾದ ಬಟ್ಟಲು ಕೆಳಗಿಟ್ಟು ಹೇಳಿದ. “ಅಮ್ಮಾ, ನಾ ಇನ್ನ ಕಾರ್ಖಾನಿ ಕ್ವಾರ್ಟರ್ಸಿನ್ಯಾಗೇ ಇರ್ತೇನಿ. ಆಕಿ ಯಡ್ರಾಮಿಗಿ ಹೋಗಿ ಇರ್ಲಿ ಸ್ವಲ್ಪ ದಿನ. ಆಣೆ ಮಾಡಿ ಮುರದಾಕಿ ಮುಖ ನೋಡಾಕ ನನ್ ಕೈಲಿ ಆಗವಲ್ದು.”

ಫರಹೀನ ಒಳಗೆ ಹೋದಳು. ಟ್ರಂಕಿನ ಚಿಲಕದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಬಟ್ಟೆ ತುರುಕಿದ ಚೀಲ ಹಿಡಿದು, ಬುರ್ಖಾ ಹಾಕಿಕೊಂಡು ಅಂಗಳಕ್ಕೆ ಬಂದಳು. ಗೋಡೆಯ ಆಚೆಯಿಂದ ಮಾಳಮ್ಮನ ತಲೆ ಮೇಲೆದ್ದಿತ್ತು. ಫರಹೀನ ಹೊಸ್ತಿಲು ದಾಟುವ ಮೊದಲು ಆಡಿನ ಮುಂದೆ ನಿಂತಳು.

“ಬಿ.ಪಿ. ಗುಳಿಗಿ ಗೂಡಿನ್ಯಾಗ ಅವ. ಊಟ ಆದ ಮ್ಯಾಲ ಒಂದು.”

ಜಗಳವಾಡಿದ್ದರೆ, ಅತ್ತಿದ್ದರೆ, ನಿಮ್ಮ ತಾಯಿಯೇ ಮಾಡಿದ್ದು ಎಂದು ಚೀರಿದ್ದರೆ ನಜಮುನ್ನಿಸಾ ತಡೆದುಕೊಳ್ಳುತ್ತಿದ್ದಳು. ಆ ಗುಳಿಗೆಯ ಮಾತನ್ನು ತಡೆದುಕೊಳ್ಳಲು ಆಗಲಿಲ್ಲ.

“ಎಲ್ಲಿಗಿ ಹೊಂಟಿ ಬೇ, ನಿಂದ್ರು!” ಎಂದು ಕೂಗಿದಳು. ಆಮೇಲೆ ಮಗನ ಕಡೆ ತಿರುಗಿದಳು. “ಫೋನ್ ಎತ್ತಿದಾಕಿ ಆಕಿ ಅಲ್ಲ, ನಾ. ಆಕಿ ನೀರಿಗಿ ಹೋಗಿದ್ಳು. ನಾ ಫರಹೀನ ಅಂತ ಸುಳ್ಳ್ ಹೇಳಿ ನಿನ್ನ ಎತ್ತಿಸೀನಿ. ಬಯ್ಯೂದಿದ್ರ ನನಗ ಬಯ್ಯಿ. ಕಾರ್ಖಾನ್ಯಾಗಾದ್ರೂ ಇರು, ಕಾಡಿನ್ಯಾಗಾದ್ರೂ ಇರು. ಮತ್ತ ಕೇಳು, ನಾಳೆ ಅದೇ ಫೋನ್ ಬಂದ್ರ ನಾ ಮತ್ತ ಅದನ್ನೇ ಹೇಳ್ತೇನಿ. ಹತ್ ಬೆರಳ ಕೊಟ್ಟು ಎಂಟ್ ತಗೊಂಡಾಕಿ ನಾ. ನಿಮ್ಮಿಬ್ರಿಗಿ ಅದರ ಲೆಕ್ಕ ಗೊತ್ತಿಲ್ಲ!”

ಮಾಳಮ್ಮನ ತಲೆ ಗೋಡೆಯಾಚೆ ಮುಳುಗಿತು. ಅರ್ಫಾತ ತಾಯಿಯನ್ನು ನೋಡಿದ, ಚೀಲ ಹಿಡಿದು ನಿಂತ ಹೆಂಡತಿಯನ್ನು ನೋಡಿದ. ಹನ್ನೊಂದು ದಿನದಲ್ಲಿ ಅವಳ ಮುಖ ನೋಡಿದ್ದು ಅದೇ ಮೊದಲು. ಅವನು ಎದ್ದು ಹೋಗಿ ಅವಳ ಕೈಯಿಂದ ಚೀಲ ತೆಗೆದುಕೊಂಡು ಒಳಗಿಟ್ಟು ಬಂದ. ತಪ್ಪಾಯಿತು ಎಂದು ಅನ್ನಲಿಲ್ಲ, ಅವನಿಗೆ ಅದು ಬರುತ್ತಿರಲಿಲ್ಲ. ತಾಯಿಯ ಎದುರು ನೆಲದ ಮೇಲೆ ಕೂತ. ಅವನು ಈಗ ಎದ್ದು ಹೋಗುತ್ತಾನೆ, ಇನ್ನು ಬರುವುದಿಲ್ಲ ಎಂದು ನಜಮುನ್ನಿಸಾ ಕಾಯುತ್ತಿದ್ದಳು.

“ಫರಹೀನ,” ಎಂದ ಅವನು, ತಾಯಿಯ ಮೇಲಿನ ಕಣ್ಣು ತೆಗೆಯದೆ. “ಮುಂದಿನ ವರ್ಷದ ಹೆಸರು ಈ ತಿಂಗಳೇ ಕೊಡಬೇಕಂತ ಕ್ಯಾಪ್ಟನ್ ಸಾಹೇಬ್ರು ಹೇಳ್ಯಾರ. ಇವತ್ತೇ ಹೋಗಿ ತುಂಬು. ಫೋನ್ ಯಾರಿಗಿ ಮಾಡಬೇಕು ಅನ್ನೂ ಜಾಗದಾಗ ಅಮ್ಮನ ಹೆಸರು ಬರಿ.”

“ನನ್ನ ಹತ್ರ ಫೋನೇ ಇಲ್ಲ,” ಎಂದಳು ನಜಮುನ್ನಿಸಾ.

“ತಂದ್ ಕೊಡ್ತೇನಿ. ಆ ದಿನ ಇನ್ನೂ ಒಂದ್ ಸಲ ಬರ್ತದ. ನಾ ಮಲಗಿರ್ತೇನಿ. ನಾಕ ತಾಸ ಆದ ಮ್ಯಾಲ ನಿನಗೇ ಕೇಳ್ತಾರ. ನೀನೇ ಹೇಳಬೇಕು. ನೀ ಬಿಡು ಅಂದ್ರ ಮುಟ್ಟಿ ಬರ್ತೇನಿ. ಎತ್ತು ಅಂದ್ರ ಅದರ ಮುಂದಿನ ವರ್ಷ ಮತ್ತ ಹೋಗ್ತೇನಿ. ನೀ ಬಿಡು ಅನ್ನೂತನ ಹೋಗ್ತೇನಿ.”

ಬೈಗುಳಕ್ಕೆ ಅವಳು ಸಿದ್ಧಳಾಗಿದ್ದಳು, ಇದಕ್ಕಲ್ಲ. ಏನೂ ತೋಚದೆ ಅವನ ತೋಳು ಹಿಡಿದು ಎಳೆದಳು. ಈ ಸಲ ಅವನು ಕೊಸರಲಿಲ್ಲ. ಹಸಿರೂ ಅಲ್ಲದ ಕೆಂಪೂ ಅಲ್ಲದ ಆ ತುಂಡಿನ ಗಂಟು ಸಡಿಲಾಗಿತ್ತು, ಒಂದು ಸಲ ಜಗ್ಗಿದರೆ ಬಿಚ್ಚಿಕೊಳ್ಳುತ್ತಿತ್ತು. ನಜಮುನ್ನಿಸಾ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಕೈಯಲ್ಲಿ ಎಳೆದು, ಮೊದಲಿಗಿಂತ ಬಿಗಿಯಾಗಿ ಕಟ್ಟಿದಳು. ಅರ್ಫಾತ ನೋವಿಗೆ ಹಲ್ಲು ಕಚ್ಚಿದ.

ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಝೆರಾಕ್ಸ್ ಅಂಗಡಿಗೆ ಹೋದಾಗ ನಜಮುನ್ನಿಸಾ ಅಂಗಳದಲ್ಲಿ ಒಬ್ಬಳೇ ಉಳಿದಳು. ಆಡಿನ ಮುಂದೆ ಸೊಪ್ಪು ಹಾಕಿ ಅದರ ಎದುರು ಕೂತಳು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡಳು. ಫೋನು ಹಿಡಿದ ಹಾಗೆ ಕೈಯನ್ನು ಕಿವಿಗೆ ಹಿಡಿದಳು. ಹೇಳಬೇಕಾದ್ದು ಎರಡೇ ಮಾತು. ರಹನೇ ದೇವ್. ಇರಲಿ ಬಿಡಿ.

“ಹೌ,” ಎಂದಳು ಆಡಿಗೆ. “ಅರ್ಫಾತ ಕೀ ಅಮ್ಮಾ ಬೋಲ್ತಿ ಹೂಂ.” ಅರ್ಫಾತನ ತಾಯಿ ಮಾತಾಡುವುದು.

ಆಡು ಸೊಪ್ಪು ಬಿಟ್ಟು ತಲೆಯೆತ್ತಿತು.

ಅವಳು ಬಾಯಿ ತೆರೆದಳು. ಮುಚ್ಚಿದಳು. ಗಂಟಲು ಸರಿಮಾಡಿಕೊಂಡು ಮತ್ತೆ ತೆರೆದಳು.

“ಉಠಾಕೆ ಲಾವ್,” ಎಂದಿತು ಬಾಯಿ.

ಹಿಂದೆ ಚಪ್ಪಲಿಯ ಸದ್ದಾಯಿತು. ಮರೆತ ಆಧಾರ ಕಾರ್ಡಿಗೆಂದು ತಿರುಗಿ ಬಂದ ಫರಹೀನ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನಜಮುನ್ನಿಸಾ ಕಿವಿಯ ಕೈಯನ್ನು ಇಳಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಫರಹೀನ ಗೂಡಿನಿಂದ ಕಾರ್ಡು ತೆಗೆದುಕೊಂಡಳು. ಹೋಗುತ್ತ ಆಡಿನ ಕಡೆ ನೋಡಲಿಲ್ಲ, ಅತ್ತೆಯನ್ನೇ ನೋಡಿದಳು.

“ಇನ್ನ ಹನ್ನೊಂದ್ ತಿಂಗಳ ಅದ,” ಎಂದಳು. “ಕಲೀರಿ.”